ಸೂಜಿಗಿಂತ ಮೊದಲು ಚಿತ್ರ

ಮೂತ್ರಕೋಶದ ಬುಡದಲ್ಲಿ ಅಡಗಿ ಕೂತ ಪ್ರಾಸ್ಟೇಟ್ ಗ್ರಂಥಿಯನ್ನು ಪರೀಕ್ಷಿಸಲು ವೈದ್ಯರಿಗೆ ಬಹುಕಾಲ ಇದ್ದದ್ದು ಕೈಬೆರಳೊಂದೇ. ಗುದನಾಳದೊಳಗೆ ಬೆರಳಾಡಿಸಿದಾಗ ಗಂಟು ಸಿಕ್ಕರೆ ಕ್ಯಾನ್ಸರಿನ ಗುಮಾನಿ. ಬೆರಳಿಗೆ ಎಟುಕುವಷ್ಟು ಬೆಳೆದ ಗೆಡ್ಡೆ ಎಷ್ಟೋ ಸಲ ಕೈಮೀರಿರುತ್ತಿತ್ತು.

ಜಪಾನಿನ ಸೆಂಡೈನಲ್ಲಿ ವೈದ್ಯ ಹಿರೊಕಿ ವಾತಾನಾಬೆ ಈ ಗ್ರಂಥಿಯನ್ನು ಕಣ್ಣಾರೆ ಕಾಣಬೇಕೆಂದು ಹಟ ಹಿಡಿದರು. ಅವರಿಗಿಂತ ಮುಂಚೆ ಅಲ್ಟ್ರಾಸೌಂಡ್ ಪ್ರಯೋಗಿಸಿದವರಿಗೆ ಸಿಕ್ಕದ್ದು ಬರೀ ಮಬ್ಬು. 1960ರ ದಶಕದ ಕೊನೆಗೆ ವಾತಾನಾಬೆ ತಂಡಕ್ಕೆ ಓದಲು ಬರುವಂಥ ಚಿತ್ರ ದಕ್ಕಿತು. ಅವರು ಕಟ್ಟಿದ ಯಂತ್ರ ನೋಡಲು ಕುರ್ಚಿಯೇ. ಆಸನದ ನಡುವಿನಿಂದ ಅಲ್ಟ್ರಾಸೌಂಡ್ ಕೊಳವೆಯೊಂದು ಮೇಲೆದ್ದಿತ್ತು. ಅದರ ಮೇಲೆ ಕೂತವರ ಮುಜುಗರ ಯಾವ ಪ್ರಬಂಧದಲ್ಲೂ ದಾಖಲಾಗಿರಲಿಕ್ಕಿಲ್ಲ.

ಗ್ರಂಥಿ ಕಂಡಿತು, ಕ್ಯಾನ್ಸರ್ ಮಾತ್ರ ನುಣುಚಿಕೊಂಡಿತು. ಎಷ್ಟೋ ಗೆಡ್ಡೆಗಳು ಸುತ್ತಲಿನ ಅಂಗಾಂಶದಂತೆಯೇ ಕಾಣುತ್ತಿದ್ದವು. ಕೊನೆಗೆ ಅಲ್ಟ್ರಾಸೌಂಡ್ ಸೂಜಿಗೆ ದಾರಿ ತೋರುವ ಕೆಲಸಕ್ಕೆ ನಿಂತಿತು. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಥಾಮಸ್ ಸ್ಟೇಮಿ ಅವರ ತಂಡ, ಗೆಡ್ಡೆ ಕಾಣಲಿ ಬಿಡಲಿ, ಆರು ಕಡೆ ಚುಚ್ಚಿ ತುಣುಕು ತೆಗೆಯುವ ಬಯಾಪ್ಸಿಯ ಕ್ರಮ ಹೇಳಿಕೊಟ್ಟಿತು. ಹಿಂದಿನಿಂದ ಹೋಗುವ ಸೂಜಿಗೆ ಗ್ರಂಥಿಯ ಮುಂಭಾಗದ ಕ್ಯಾನ್ಸರ್ ತಪ್ಪಿಹೋಗುತ್ತಿತ್ತು. ಯಾರಿಗೂ ತೊಂದರೆ ಕೊಡದ ಪುಟ್ಟ ಕ್ಯಾನ್ಸರ್ ಅಕಸ್ಮಾತ್ತಾಗಿ ಸಿಕ್ಕಿಬೀಳುತ್ತಿತ್ತು. ಸಿಕ್ಕಿದ್ದಕ್ಕೆಲ್ಲ ಶಸ್ತ್ರಕ್ರಿಯೆ ಇಲ್ಲವೇ ವಿಕಿರಣ. ಹಲವರಿಗೆ ಮೂತ್ರದ ಮೇಲಿನ ಹಿಡಿತ ತಪ್ಪಿತು, ಪುರುಷತ್ವವೂ ಹೋಯಿತು.

1995ರಲ್ಲಿ ಟೊರೊಂಟೊದ ಲಾರೆನ್ಸ್ ಕ್ಲಾಟ್ಸ್ ಎದುರು ದಾರಿ ಹಿಡಿದರು. ಅಪಾಯ ಕಡಿಮೆಯಿದ್ದವರಿಗೆ ಪಿಎಸ್‌ಎ ರಕ್ತಪರೀಕ್ಷೆ, ಮರುಬಯಾಪ್ಸಿ ಮಾಡುತ್ತ ಕಾಯುವುದು. ಕ್ಯಾನ್ಸರ್ ಹೆಡೆಯೆತ್ತಿದರೆ ಮಾತ್ರ ಚಿಕಿತ್ಸೆ. ಮೈಯಲ್ಲಿ ಕ್ಯಾನ್ಸರ್ ಇಟ್ಟುಕೊಂಡು ನಿದ್ದೆಹೋಗಲು ಎಂಟೆದೆ ಬೇಕಿತ್ತು. 2015ರಲ್ಲಿ ಲೆಕ್ಕ ಹೊರಬಿದ್ದಾಗ, 993 ಮಂದಿಯಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 15. ಆದರೆ ಮರುಬಯಾಪ್ಸಿಯೂ ಅದೇ ಕುರುಡು ಸೂಜಿಯದು. ಮೊದಲ ಸಲ ತಪ್ಪಿಸಿಕೊಂಡದ್ದು ಎರಡನೇ ಸಲವೂ ತಪ್ಪಿಸಿಕೊಳ್ಳಬಹುದಿತ್ತು.

ಎಂಆರ್‌ಐ 1980ರ ದಶಕದಿಂದಲೇ ಇತ್ತು. ಅದನ್ನು ಬಯಾಪ್ಸಿ ಮುಗಿದ ಮೇಲೆ ಮಾಡಿಸುವುದು ರೂಢಿ. ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಒಸರಿ ಚಿತ್ರ ಕಲಸಿಹೋಗುತ್ತಿತ್ತು. ಲಂಡನ್ನಿನ ಮಾರ್ಕ್ ಎಂಬರ್ಟನ್, ಹಾಶಿಮ್ ಅಹ್ಮದ್ ಮೊದಲಾದವರು ಕ್ರಮವನ್ನೇ ತಿರುಗಿಸಿದರು: ಚಿತ್ರ ಮೊದಲು, ಸೂಜಿ ಆಮೇಲೆ. ಇಷ್ಟು ಸರಳ ಮಾತನ್ನು ಸಾಬೀತು ಮಾಡಲು 576 ಗಂಡಸರು ಎಂಆರ್‌ಐ ಮಾಡಿಸಿಕೊಂಡು, ಆಮೇಲೆ ಅರಿವಳಿಕೆಯಲ್ಲಿ ಮಲಗಿ ಗ್ರಂಥಿಯುದ್ದಕ್ಕೂ 5 ಮಿಲಿಮೀಟರಿಗೊಂದರಂತೆ ಚುಚ್ಚಿಸಿಕೊಳ್ಳಬೇಕಾಯಿತು. ಜತೆಗೆ ಹಳೇ ಮಾದರಿಯ ಬಯಾಪ್ಸಿಯೂ. ಎಂಆರ್‌ಐ ಏನು ಹೇಳಿತ್ತೆಂದು ಸೂಜಿ ಹಿಡಿದವರಿಗೆ ತಿಳಿಸಿರಲಿಲ್ಲ. 2017ರಲ್ಲಿ ಫಲಿತಾಂಶ ಬಂತು. ಅಪಾಯಕಾರಿ ಕ್ಯಾನ್ಸರುಗಳಲ್ಲಿ ಹಳೇ ಬಯಾಪ್ಸಿ ಹಿಡಿದದ್ದು ಶೇ. 48, ಎಂಆರ್‌ಐ ಶೇ. 93. ಇಲ್ಲದ ಕಡೆಯೂ ಎಂಆರ್‌ಐ ಹುಯಿಲೆಬ್ಬಿಸಿದ್ದುಂಟು, ಅದೇನೂ ಸಣ್ಣ ಸಂಗತಿಯಲ್ಲ. ಅದೇ ವರ್ಷ ಕ್ಯಾರೊಲಿನ್ ಮೂರ್ ಮುಂದಾಳುತನದ ತಜ್ಞರು, ಒಬ್ಬನದೇ ಹಳೆಯ ಹೊಸ ಚಿತ್ರಗಳನ್ನು ಹೋಲಿಸಿ, ಬದಲಾವಣೆಗೆ 1ರಿಂದ 5ರವರೆಗೆ ಅಂಕ ಕೊಡುವ ವಿಧಾನ ಪ್ರಕಟಿಸಿದರು. ಕಾಯುವುದಕ್ಕೆ ಅಳತೆಗೋಲೊಂದು ಸಿಕ್ಕಿತು.

ಎಂಆರ್‌ಐಯ ಗುಟ್ಟು ನೀರಿನಲ್ಲಿತ್ತು. ಆರೋಗ್ಯವಂತ ಗ್ರಂಥಿಯ ಸಣ್ಣ ನಾಳಗಳಲ್ಲಿ ನೀರಿನ ಅಣುಗಳು ಸಲೀಸಾಗಿ ಓಡಾಡುತ್ತವೆ. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ತುಂಬಿದಲ್ಲಿ, ತೇರಿನ ದಿನದ ನೂಕುನುಗ್ಗಲಿಗೆ ಸಿಕ್ಕವರಂತೆ, ಅವುಗಳಿಗೆ ಮಿಸುಕಾಡಲಾಗದು. ಎಂಆರ್‌ಐ ಆ ತಡೆಯನ್ನು ಅಳೆದು ಕಪ್ಪು ಚುಕ್ಕೆಯಾಗಿ ತೋರಿಸುತ್ತದೆ. ಕೆಲವು ಕ್ಯಾನ್ಸರುಗಳು ಈಗಲೂ ಚಿತ್ರಕ್ಕೆ ಸಿಗುವುದಿಲ್ಲ. ಹಾಗಾಗಿ ನಿಗಾದಲ್ಲಿರುವವರಿಗೆ ಬಯಾಪ್ಸಿಯಿಂದ ಪೂರ್ತಿ ಬಿಡುಗಡೆ ಇನ್ನೂ ಸಿಕ್ಕಿಲ್ಲ.