ಲಾಕರ್ ರೂಮಿನ ಎರಡು ಖಾನೆ

ನವಿ ಮುಂಬೈನ ಮಹಾಪೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿಗೆ ಬಂದವರು ಮೊದಲು ಹೋಗುವುದು ಲಾಕರ್ ರೂಮಿಗೆ. ಘನ್ಸೋಲಿ, ಕೋಪರ್‌ಖೈರಣೆ ಸ್ಟೇಷನ್ನುಗಳಲ್ಲಿ ಇಳಿದು, ರಿಕ್ಷಾ ಹಿಡಿದು ಬಂದವರು ಮನೆಯ ಅಂಗಿ, ಚಪ್ಪಲಿ, ಮೊಬೈಲುಗಳನ್ನು ಕಬ್ಬಿಣದ ಕಪಾಟಿಗೆ ತುರುಕಿ, ಯೂನಿಫಾರ್ಮು, ಸೇಫ್ಟಿ ಶೂ ತೊಟ್ಟು ಒಳಗೆ ನಡೆಯುತ್ತಾರೆ. ಗಿರಾಕಿಗಳ ಕಾರ್ಡ್ ವಿವರ ನೋಡುವ ಕಾಲ್‌ಸೆಂಟರುಗಳಲ್ಲಾದರೆ ಲಾಕರ್ ಎಂದರೆ ಫೋನು, ಪೆನ್ನು, ಕಾಗದ ಇಟ್ಟುಹೋಗುವ ಪುಟ್ಟ ಗೂಡು.

ಲಾಕರ್ ರೂಮಿಗೆ ಅಮೆರಿಕದಿಂದ ಬಂದ ಇನ್ನೊಂದು ಅರ್ಥವೂ ಇದೆ. 2005ರ ಧ್ವನಿಮುದ್ರಣವೊಂದರಲ್ಲಿ ಹೆಂಗಸರ ಬಗ್ಗೆ ತಾವು ಆಡಿದ ಹೊಲಸು ಮಾತು 2016ರ ಅಕ್ಟೋಬರ್‌ನಲ್ಲಿ ಬಯಲಾದಾಗ, ಡೊನಾಲ್ಡ್ ಟ್ರಂಪ್ ಅದನ್ನು ಲಾಕರ್ ರೂಮಿನ ಹರಟೆ ಎಂದು ತಳ್ಳಿಹಾಕಿದರು. 2020ರ ಮೇನಲ್ಲಿ ದೆಹಲಿಯಲ್ಲಿ ಇಂಥದೇ ಮಾತುಗಳಿಂದ ಗದ್ದಲವೆಬ್ಬಿಸಿದ ಇನ್‌ಸ್ಟಾಗ್ರಾಂ ಗುಂಪಿನ ಹೆಸರೂ ‘ಬಾಯ್ಸ್ ಲಾಕರ್ ರೂಮ್’. ಪೋಲಿ ಮಾತಿಗೆ ಪಾಪ, ಕೋಣೆಯನ್ನೇಕೆ ದೂರಬೇಕು?

ಕಾರ್ಖಾನೆಯಲ್ಲಿ ಈ ಕೋಣೆಗಿರುವ ಕೆಲಸ ಬೇರೆಯೇ. ರಾಸಾಯನಿಕದ ಪುಡಿ, ಸೀಸದ ಧೂಳು ಬಟ್ಟೆಗೆ ಅಂಟಿ ಮನೆಗೆ ಬರುತ್ತವೆ. ಮಗು ಅದೇ ಅಂಗಿಗೆ ಮುಖ ಒತ್ತುತ್ತದೆ. ಕಲ್ನಾರು ಕಾರ್ಖಾನೆಗೆ ಕಾಲಿಡದ ಹೆಂಗಸರಿಗೂ, ಗಂಡನ ಬಟ್ಟೆ ಒಗೆದದ್ದರಿಂದಲೇ, ಎದೆಗೂಡಿನ ಒಳಪೊರೆಯ ಕ್ಯಾನ್ಸರ್ ಬಂದಿರಬೇಕೆಂದು ಲಂಡನ್ನಿನ ವೈದ್ಯರು 1965ರಲ್ಲೇ ಬರೆದರು. ಅದಕ್ಕೇ ಅಪಾಯದ ಕೆಲಸವಿರುವಲ್ಲಿ ಮನೆಬಟ್ಟೆಗೊಂದು, ಕೆಲಸದ ಬಟ್ಟೆಗೊಂದು ಎಂದು ಎರಡು ಖಾನೆ ಬೇಕು. ನಡುವೆ ಸ್ನಾನಕ್ಕೆ ನೀರೂ ಬೇಕು. ನೀರಿಲ್ಲದ ಲಾಕರ್ ರೂಮು ಬರೀ ಉಗ್ರಾಣ.

1948ರ ಕಾರ್ಖಾನೆ ಕಾಯಿದೆಯ 43ನೇ ಸೆಕ್ಷನ್, ಬಟ್ಟೆ ಇಡಲು, ಒದ್ದೆಯಾದದ್ದನ್ನು ಒಣಗಿಸಲು ಜಾಗ ಕೊಡಿಸುವ ನಿಯಮ ಮಾಡುವ ಅಧಿಕಾರವನ್ನಷ್ಟೇ ರಾಜ್ಯಗಳಿಗೆ ಕೊಟ್ಟಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಲಾಕರ್ ರೂಮನ್ನು ಹೆಸರು ಹಿಡಿದೇ ಹೇಳುತ್ತದೆ: ಗಂಡಸರಿಗೆ, ಹೆಂಗಸರಿಗೆ, ಟ್ರಾನ್ಸ್‌ಜೆಂಡರ್ ನೌಕರರಿಗೆ ಬೇರೆಬೇರೆ ಬಚ್ಚಲು, ಬೇರೆಬೇರೆ ಲಾಕರ್ ರೂಮು. ಒಪ್ಪಿಗೆಯಿದ್ದರೆ ಹೆಂಗಸರು ರಾತ್ರಿಪಾಳಿಯಲ್ಲೂ ದುಡಿಯಬಹುದು ಎನ್ನುವ ಸಂಹಿತೆಯೂ ಇದೇ. ಮಧ್ಯರಾತ್ರಿ ಬಟ್ಟೆ ಬದಲಿಸಲು ಚಿಲಕವಿರುವ ಬಾಗಿಲಿಲ್ಲದಿದ್ದರೆ ಆ ಅನುಮತಿಗೆ ಏನು ಬೆಲೆ?

ಕಾಯಂ ನೌಕರನಿಗೆ ಬೀಗವಿರುವ ಲಾಕರ್, ಗುತ್ತಿಗೆಯವನ ಚೀಲಕ್ಕೆ ಗೋಡೆಯ ಮೊಳೆ: ಈ ಭೇದ ಎಷ್ಟೋ ಕಾರ್ಖಾನೆಗಳಲ್ಲಿದೆ. ಧೂಳು ಮಾತ್ರ ಇಬ್ಬರ ಮೈಗೂ ಒಂದೇ. ನಿಮ್ಮ ಕಾರ್ಖಾನೆಯಲ್ಲಿ ಸುರಕ್ಷಾ ಸಮಿತಿ ಇದ್ದರೆ, ಮುಂದಿನ ಸಭೆಯಲ್ಲಿ ಗುತ್ತಿಗೆಯವರಿಗೆ ಎಷ್ಟು ಲಾಕರುಗಳಿವೆ ಎಂದು ಕೇಳಿ.