ಊರಿಗೆ ಕಣ್ಣಾಗುವ ಲೇಖನಿ

ಯಾವ ಪತ್ರಿಕೆಯ ಸಂಬಳಕ್ಕೂ ಒಳಪಡದೆ ಬರೆಯುವವರನ್ನು ಕನ್ನಡದಲ್ಲಿ ‘ಹವ್ಯಾಸಿ ಪತ್ರಕರ್ತ’ ಎಂದು ಕರೆಯುವ ರೂಢಿಯಿದೆ. ಈ ಹೆಸರಿನಲ್ಲಿಯೇ ಒಂದು ಅನ್ಯಾಯ ಅಡಗಿದೆ. ಹವ್ಯಾಸವೆಂದರೆ ಬಿಡುವಿನ ವೇಳೆಯ ವಿನೋದವೆಂದು ಲೋಕ ಭಾವಿಸುತ್ತದೆ. ಆದರೆ ನೆಲ, ಜಲ, ಕಾಡು, ರೋಗರುಜಿನಗಳ ಸಂಗತಿಯನ್ನು ವರ್ಷಗಟ್ಟಲೆ ಬೆನ್ನುಹತ್ತಿ, ಬಲ್ಲವರನ್ನು ವಿಚಾರಿಸಿ, ಒರೆಗೆ ಹಚ್ಚಿ, ಸಾಮಾನ್ಯರಿಗೆ ತಿಳಿಯುವಂತೆ ಬರೆಯುವುದು ವಿನೋದವಲ್ಲ, ಅದು ಕಾಯಕ. ಅದರ ಬೆಲೆ ಎಷ್ಟೆಂಬುದನ್ನು ಗಡಿನಾಡಿನ ಒಂದು ಹಳ್ಳಿ ತೋರಿಸಿಕೊಟ್ಟಿದೆ.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ, ಕನ್ನಡ ಬಲ್ಲ ಅಡಿಕೆ ಕೃಷಿಕರ ಗ್ರಾಮ. ಅದರ ಸುತ್ತಣ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ನಿಗಮದ ಗೇರು ತೋಟಗಳಿವೆ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಆ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡದ ಮೇಲೆ ಬಿದ್ದ ವಿಷ ಕೆಳಗಿನ ಜನರ ಜಲಮೂಲಗಳಿಗೆ ಇಳಿಯಿತು. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು ಅಲ್ಲಿ ಅಂಗವೈಕಲ್ಯದಿಂದ ಹುಟ್ಟುತ್ತಿದ್ದ ಕರುಗಳನ್ನು ಕಂಡು, ಸಿಂಪಡಣೆಯ ಮೇಲೆ ಸಂದೇಹಪಟ್ಟು, ಆರಂಭದ ವರ್ಷಗಳಲ್ಲಿಯೇ ಬರೆದರು. ಅಂದು ಕಿವಿಗೊಟ್ಟವರು ವಿರಳ. ಮುಂದೆ ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಅಸಹಜವೆನಿಸುವಷ್ಟು ಕಾಯಿಲೆಗಳನ್ನು ಗುರುತಿಸಿದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿಯ ನೀರು, ಮಣ್ಣು, ಮನುಷ್ಯರ ರಕ್ತದಲ್ಲಿಯೂ ಆ ವಿಷದ ಅಂಶವಿರುವುದನ್ನು ಪ್ರಕಟಿಸಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಂ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಹಿಡಿಯಿತು. ಮೊದಲ ಬರಹಕ್ಕೂ ಈ ಆದೇಶಕ್ಕೂ ನಡುವೆ ಸರಿಸುಮಾರು ಮೂರು ದಶಕಗಳು ಸಂದಿದ್ದವು.

ಈ ವೃತ್ತಾಂತದಲ್ಲಿ ಎರಡು ಪಾಠಗಳಿವೆ. ನಗರದಿಂದ ಬರುವ ವರದಿಗಾರ ಒಂದು ದಿನ ಇದ್ದು ಹಿಂದಿರುಗುತ್ತಾನೆ. ಊರಿನಲ್ಲಿಯೇ ಬಾಳುವ ಬರಹಗಾರ ಮಾತ್ರ ಮೊದಲ ವರ್ಷದ ಕರುವನ್ನೂ ಹತ್ತನೆಯ ವರ್ಷದ ಕರುವನ್ನೂ ಕಾಣಬಲ್ಲ. ಇದು ಮೊದಲನೆಯದು. ಸಂದೇಹವೇ ತೀರ್ಪಲ್ಲವೆಂಬುದು ಎರಡನೆಯದು. ಕಣ್ಣು ಕಂಡುದಕ್ಕೆ ವೈದ್ಯರ ದಾಖಲೆ ಸೇರಬೇಕು, ದಾಖಲೆಗೆ ಪ್ರಯೋಗಾಲಯದ ಸಾಕ್ಷ್ಯ ಸೇರಬೇಕು. ಈ ತಾಳ್ಮೆಯಿಲ್ಲದ ಬರಹ ಗುಲ್ಲೆಬ್ಬಿಸೀತೇ ಹೊರತು ಜನರಿಗೆ ಒಳಿತು ಮಾಡಲಾರದು. ಶ್ರೀಪಡ್ರೆಯವರು ಸಂಪಾದಕರಾಗಿರುವ, 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟುದು ಇದೇ ಅರಿವಿನಿಂದ.

ಇನ್ನು ಜೀವನೋಪಾಯದ ಮಾತು. ಸ್ವತಂತ್ರ ಬರಹಗಾರನಿಗೆ ತಿಂಗಳ ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ; ಸಂಭಾವನೆ ದೊರೆಯುವುದು ಅಚ್ಚಾದ ಲೇಖನಕ್ಕೆ ಮಾತ್ರ. ತಿರುಗಾಟದ ಬಸ್ಸಿನ ಖರ್ಚೂ ಬಹುಮಟ್ಟಿಗೆ ಅವನದೇ. ಆದುದರಿಂದ ಅವನು ಒಂದೇ ಮಾಧ್ಯಮವನ್ನು ನೆಚ್ಚಿ ಕೂರಲಾರ. ಸಂಗ್ರಹಿಸಿದ ವಿಷಯವನ್ನು ಪತ್ರಿಕೆಗೆ ಲೇಖನವಾಗಿ, ಬಾನುಲಿಗೆ ಭಾಷಣವಾಗಿ, ಸಾಧ್ಯವಾದರೆ ಸಾಕ್ಷ್ಯಚಿತ್ರವಾಗಿ ರೂಪಿಸಬೇಕಾಗುತ್ತದೆ. ರೂಪ ಬೇರೆಯಾದರೂ ಸತ್ಯ ಬೇರೆಯಾಗಕೂಡದು. ಮೈಸೂರಿಗೆ ಇದು ಹೊಸತಲ್ಲ. ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಊರು ಇದು; ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ದೊರೆತುದು ಅಲ್ಲಿಂದಲೇ. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಕಾಡಿನಲ್ಲಿ ವರ್ಷಗಟ್ಟಲೆ ಕಾದು ಸೀಳುನಾಯಿಗಳನ್ನು ಕುರಿತು ತೆಗೆದ ಚಿತ್ರಕ್ಕೆ 2010ರಲ್ಲಿ ಬ್ರಿಟನ್ನಿನ ವೈಲ್ಡ್‌ಸ್ಕ್ರೀನ್ ಉತ್ಸವದ ಪ್ರಶಸ್ತಿ ಸಂದಿತು.

ಓದುಗ ಬಂಧುಗಳು, ಇದೆಲ್ಲ ಕಾಸರಗೋಡಿನ ಮಾತು, ಕಾಡಿನ ಮಾತು, ನಮಗೇಕೆ ಎನ್ನಬಾರದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪು ಎಷ್ಟೋ ಮನೆಗಳ ಅನ್ನ. ಕೊಯ್ದ ಎಲೆಯನ್ನು ಬ್ಯಾರನ್ನಿನಲ್ಲಿ ತೂಗುಹಾಕಿ, ಐದಾರು ದಿನ ಹಗಲಿರುಳು ಬೆಂಕಿ ಉರಿಸಿ, ಕೊನೆಯಲ್ಲಿ ಶಾಖವನ್ನು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ ಒಣಗಿಸಬೇಕು. ಆ ಸೌದೆ ಎಲ್ಲಿಯ ಮರದ್ದು? ಒದ್ದೆ ಎಲೆಯನ್ನು ಬರಿಗೈಯಲ್ಲಿ ಕೊಯ್ದು ಕಡ್ಡಿಗೆ ಕಟ್ಟುವವರ ಚರ್ಮದ ಮೂಲಕ ನಿಕೋಟಿನ್ ಮೈಯೊಳಗೆ ಸೇರುತ್ತದೆ; ತಲೆಸುತ್ತು, ವಾಕರಿಕೆ, ವಾಂತಿಗಳು ಬರುತ್ತವೆ. ಇದಕ್ಕೆ ಹಸಿರು ತಂಬಾಕಿನ ಕಾಯಿಲೆಯೆಂದು ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ಆದರೆ ಬಿಸಿಲಿನ ಬಾಧೆ, ಪಿತ್ತ ಎಂದು ಮನೆಯ ಹೆಣ್ಣುಮಕ್ಕಳು ನುಂಗಿಕೊಂಡರೆ ಅದು ಯಾವ ದಾಖಲೆಗೂ ಸೇರದು. ತಂಬಾಕು ನಿಯಂತ್ರಣದ ಜಾಗತಿಕ ಒಡಂಬಡಿಕೆಯನ್ನು ಭಾರತ 2004ರಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಬದಲಿ ಜೀವನಮಾರ್ಗ ಒದಗಿಸಬೇಕೆಂಬ ಮಾತೂ ಅದರಲ್ಲಿದೆ. ಅದು ನಮ್ಮ ಹೊಲದ ಬದುವಿನವರೆಗೆ ಬಂದಿದೆಯೇ ಎಂದು ಕೇಳಿ ಬರೆಯುವವರು ಬೇಕು.

ನಾಗರಹೊಳೆಯ ಅಂಚಿನ ಊರುಗಳಲ್ಲಿ ಆನೆಯ ಹಾವಳಿ ಇನ್ನೊಂದು ಸಂಕಟ. ರಾತ್ರಿ ರಾಗಿಯ ಹೊಲ ತುಳಿದುಹೋದುದು ಮರುದಿನದ ಸುದ್ದಿಯಾಗುತ್ತದೆ. 1974ರಲ್ಲಿ ಕಟ್ಟಿದ ಕಬಿನಿ ಜಲಾಶಯದ ನೀರು ಬೇಸಗೆಯಲ್ಲಿ ಇಳಿದಾಗ ಅಲ್ಲಿ ಚಿಗುರುವ ಹುಲ್ಲಿಗೆ ಆನೆಗಳು ನೆರೆಯುವುದು, ಕಾಡಿನೊಳಗೆ ಲಂಟಾನ ಹಬ್ಬಿ ಮೇವು ಕುಗ್ಗುವುದು, ಫಸಲು ಬಲಿಯುವ ಕಾಲಕ್ಕೆ ಅವು ಹೊಲದತ್ತ ತಿರುಗುವುದು, ಇವುಗಳನ್ನು ಒಂದೇ ಎಳೆಯಲ್ಲಿ ಹಿಡಿದು ವಿವರಿಸಲು ಒಂದು ದಿನದ ವರದಿಗೆ ಸಾಧ್ಯವಿಲ್ಲ. ಕೃಷ್ಣರಾಜನಗರದ ಬತ್ತದ ಬಯಲಿನ ಗೊಬ್ಬರ, ಔಷಧಿ, ನಾಲೆನೀರಿನ ವಿಚಾರವೂ ಹಾಗೆಯೇ.

ಇಂಥ ಕಾಯಕಕ್ಕೆ ಮನೆಮನೆಯೂ ನೆರವಾಗಬಹುದು. ಮಳೆಯ ದಿನಗಳನ್ನು, ಕೊಳವೆಬಾವಿಯ ಆಳವನ್ನು, ಸಿಂಪಡಿಸಿದ ಔಷಧಿಯ ಹೆಸರು ಮತ್ತು ದಿನಾಂಕವನ್ನು, ಸೊಪ್ಪು ಕೊಯ್ದ ದಿನ ಯಾರಿಗೆ ವಾಂತಿಯಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಕಷ್ಟವೇನಲ್ಲ. ನಾಳೆ ಅದೇ ಸಾಕ್ಷ್ಯವಾದೀತು. ಪ್ರಶ್ನೆ ಕೇಳಿಕೊಂಡು ಬಾಗಿಲಿಗೆ ಬಂದ ಬರಹಗಾರನನ್ನು ಅನುಮಾನದಿಂದ ಕಾಣದೆ, ಕೂರಿಸಿ ಇದ್ದುದನ್ನು ಇದ್ದಂತೆ ಹೇಳಬೇಕು. ಹೆಚ್ಚಿಸಿ ಹೇಳುವುದೂ ಅಪಚಾರವೇ. ಮನೆಯ ಮಗನೋ ಮಗಳೋ ವಿಜ್ಞಾನ ಓದಿ ಈ ಹಾದಿ ಹಿಡಿಯುವೆನೆಂದರೆ, ‘ಹೊಟ್ಟೆಗೇನು ಮಾಡುತ್ತೀ?’ ಎಂದು ಹಿರಿಯರು ಕೇಳುವುದು ಸಹಜ. ಜೊತೆಗೊಂದು ಬೇಸಾಯವನ್ನೋ ಪಾಠಪ್ರವಚನವನ್ನೋ ಇಟ್ಟುಕೊಳ್ಳೆಂದು ಹೇಳಿರಿ, ಹಾದಿಯನ್ನೇ ಮುಚ್ಚಬೇಡಿರಿ. ಶ್ರೀಪಡ್ರೆಯವರು ಬರೆದುದೂ ತೋಟದ ಕೃಷಿಕರಾಗಿದ್ದುಕೊಂಡೇ.

ಹಳ್ಳಿಯ ಮೂಕ ಕರುವಿನ ನೋವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದೀತೆಂದು ಆ ದಿನ ಯಾರೂ ಎಣಿಸಿರಲಿಲ್ಲ. ಅದನ್ನು ಮೊದಲು ಕಂಡು ಬರೆದಿಟ್ಟವರೊಬ್ಬರು ಆ ಊರಿನಲ್ಲಿದ್ದರು. ನಮ್ಮ ನಾಲ್ಕು ತಾಲ್ಲೂಕುಗಳ ಬ್ಯಾರನ್ನಿನ ಮುಂದೆ, ಕಾಡಂಚಿನ ಹೊಲದಲ್ಲಿ, ನಾಲೆಯ ದಡದಲ್ಲಿ ಅಂಥವರು ಹುಟ್ಟಿ ಬರಲಿ. ಬಂದಾಗ ಅವರನ್ನು ‘ಹವ್ಯಾಸಿ’ ಎಂದು ಕಡೆಗಣಿಸದಿರೋಣ.