ನಿಮಗಿದು ಗೊತ್ತೇ? ಬೆನ್ನಿಗೊಂದು ಚೀಲ, ಎದುರಿಗೆ ದ್ವೀಪಗಳ ಸಾಲು

● ಇಂಡೊನೇಷ್ಯಾದಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ. ದಿನಕ್ಕೊಂದರಂತೆ ನೋಡುತ್ತ ಹೋದರೂ 46 ವರ್ಷ ದಾಟುತ್ತದೆ! ಅಷ್ಟು ಆಯಸ್ಸು, ಕಾಸು ಎರಡೂ ಇಲ್ಲದವರಿಗೆ ಬಾಲಿಯಿಂದ ಪೂರ್ವಕ್ಕೆ ಫ್ಲೋರೆಸ್‌ವರೆಗಿನ ಫೆರಿ ದಾರಿಯೇ ಸಾಕು.

● ಅಲ್ಲಿ ಕಾಲಿಟ್ಟವರೆಲ್ಲ ಲಕ್ಷಾಧಿಪತಿಗಳೇ. ಅತಿ ದೊಡ್ಡ ನೋಟು 1,00,000 ರುಪಿಯಾ. ನಮ್ಮ ಲೆಕ್ಕದಲ್ಲಿ ಐನೂರು ಚಿಲ್ಲರೆ ರೂಪಾಯಿ. ವಿಮಾನ ನಿಲ್ದಾಣದಲ್ಲೇ ಸಿಗುವ 30 ದಿನದ ವೀಸಾಕ್ಕೆ 5 ಲಕ್ಷ ರುಪಿಯಾ ಕೊಡಬೇಕು. 2024ರ ಫೆಬ್ರುವರಿಯಿಂದ ಬಾಲಿಯ ಪ್ರವಾಸಿ ಶುಲ್ಕ ಒಂದೂವರೆ ಲಕ್ಷ ಬೇರೆ. ಸೊನ್ನೆ ಎಣಿಸಿಯೇ ನೋಟು ಕೊಡಿ.

● ಜಾವಾದಿಂದ ಬಾಲಿಗೆ ಫೆರಿಯಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಆದರೆ ಇಳಿದಾಗ ಗಡಿಯಾರದಲ್ಲಿ ಎರಡು ಗಂಟೆ ಕಳೆದಿರುತ್ತದೆ. ದೇಶಕ್ಕೆ ಮೂರು ಕಾಲವಲಯ, ಒಂದರ ಗೆರೆ ಆ ನೀರಿನಲ್ಲೇ ಇದೆ.

● ಬಾಲಿಯ ಹಿಂದೂಗಳದೂ ಶಕವರ್ಷವೇ. 2023ರಲ್ಲಿ ನಮ್ಮ ಯುಗಾದಿ, ಅವರ ಹೊಸವರ್ಷ ‘ನ್ಯೆಪಿ’ ಎರಡೂ ಮಾರ್ಚ್ 22ಕ್ಕೇ ಬಂದಿದ್ದವು. ಎರಡೂ ಕಡೆ ಶಕ 1945. ಹೋಲಿಕೆ ಅಲ್ಲಿಗೆ ಮುಗಿಯಿತು. ನಾವು ಹೋಳಿಗೆ ತಟ್ಟುವಾಗ ಅಲ್ಲಿ ಒಲೆ ಹಚ್ಚುವಂತಿಲ್ಲ, ದೀಪ ಉರಿಸುವಂತಿಲ್ಲ, ಬೀದಿಗಿಳಿಯುವಂತಿಲ್ಲ. ವಿಮಾನ ನಿಲ್ದಾಣವೂ 24 ಗಂಟೆ ಬಂದ್. ಪ್ರವಾಸಿಗೂ ವಿನಾಯಿತಿಯಿಲ್ಲ, ರೂಮಿನೊಳಗೇ ಇರಬೇಕು. ಹಿಂದಿನ ದಿನವೇ ಬಾಳೆಹಣ್ಣು ತಂದಿಟ್ಟುಕೊಂಡವನೇ ಜಾಣ.

● ಅಗ್ಗದ ಊಟಕ್ಕೆ ‘ವಾರುಂಗ್’ ಎಂಬ ಪುಟ್ಟ ಹೋಟೆಲುಗಳಿವೆ. ಸಸ್ಯಾಹಾರಿಗಳ ಆಪದ್ಬಾಂಧವ ‘ತೆಂಪೆ’. ಬೇಯಿಸಿದ ಸೋಯಾ ಕಾಳಿಗೆ ಬೂಷ್ಟು ಬೆಳೆಸಿ ಗಟ್ಟಿ ಮಾಡಿದ ಈ ತಿನಿಸು ಜಾವಾದ ಕೊಡುಗೆ. ಆದರೆ ಪಕ್ಕದ ಸಂಬಾಲ್ ಚಟ್ನಿಯನ್ನು ನಂಬಬೇಡಿ. ಅದರಲ್ಲಿ ಸಾಮಾನ್ಯವಾಗಿ ‘ತೆರಾಸಿ’, ಅಂದರೆ ಸಿಗಡಿ ಹುದುಗಿಸಿ ಅರೆದದ್ದು, ಸೇರಿರುತ್ತದೆ. ಕೇಳಿಯೇ ತಿನ್ನಿ.

● ಬಾಲಿಯಿಂದ ಲೊಂಬೊಕ್‌ಗೆ ವೇಗದ ದೋಣಿಯುಂಟು, ದುಬಾರಿ. ಲಾರಿ, ಬೈಕುಗಳ ಜೊತೆ ನಾಲ್ಕೈದು ಗಂಟೆ ತೆವಳುವ ಫೆರಿಗೆ ಟಿಕೆಟ್ ಕಡಿಮೆ, ನೋಡಲು ಸಮಯ ಹೆಚ್ಚು. ಇದೇ ನೀರನ್ನು 1856ರಲ್ಲಿ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ದಾಟಿ ಬೆರಗಾದ. ಬಾಲಿಯ ಪ್ರಾಣಿಪಕ್ಷಿ ಏಷ್ಯಾದವು. ಆಚೆ ದಡದಲ್ಲಿ ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳು ಹಾರಾಡುತ್ತಿದ್ದವು. ಬಾಲಿಯಲ್ಲಿ ಒಂದು ಕಾಲಕ್ಕೆ ಹುಲಿಯೂ ಇತ್ತು, ಲೊಂಬೊಕ್‌ನಲ್ಲಿ ಇರಲೇ ಇಲ್ಲ. ನಡುವಿನ ಅಂತರ ಸುಮಾರು 35 ಕಿ.ಮೀ. ಅಷ್ಟೇ! ಗುಟ್ಟಿರುವುದು ಆಳದಲ್ಲಿ. ಹಿಮಯುಗದಲ್ಲಿ ಸಮುದ್ರ 120 ಮೀಟರಿನಷ್ಟು ಇಳಿದಾಗ ಬಾಲಿ ಏಷ್ಯಾದ ನೆಲಕ್ಕೆ ಕೂಡಿಕೊಂಡಿತು. ಅದಕ್ಕಿಂತ ಬಹಳ ಆಳವಾದ ಈ ಜಲಸಂಧಿ ಮಾತ್ರ ಬತ್ತಲಿಲ್ಲ. ಎರಡು ಜೀವಲೋಕಗಳ ನಡುವಿನ ಈ ಗಡಿಗೆರೆಗೆ ಇಂದಿಗೂ ವಾಲೇಸನದೇ ಹೆಸರು.

● ಲೊಂಬೊಕ್ ಪಕ್ಕದ ಮೂರು ಗಿಲಿ ದ್ವೀಪಗಳಲ್ಲಿ ಕಾರು, ಬೈಕು ನಿಷಿದ್ಧ. ಸೈಕಲ್ಲು, ಇಲ್ಲವೇ ಜಟಕಾ. ನಡೆದರೆ ಪೂರಾ ಉಚಿತ.

● ಮುಂದಿನ ದ್ವೀಪ ಸುಂಬಾವಾವನ್ನು ಬಹಳ ಜನ ಬಸ್ಸಿನಲ್ಲಿ ನಿದ್ದೆ ಮಾಡುತ್ತಲೇ ದಾಟುತ್ತಾರೆ. 1815ರಲ್ಲಿ ಸಿಡಿದು ಸಾವಿರ ಮೀಟರಿಗೂ ಹೆಚ್ಚು ಎತ್ತರ ಕಳೆದುಕೊಂಡ ತಂಬೋರಾ ಜ್ವಾಲಾಮುಖಿ ಇರುವುದು ಇಲ್ಲೇ. ಅದು ಉಗುಳಿದ ಗಂಧಕದ ಅನಿಲದಿಂದ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಜಡಿಮಳೆಗೆ ಜಿನೀವಾ ಸರೋವರದ ಬಳಿ ಮನೆಯೊಳಗೆ ಕೂತ ಮೇರಿ ಶೆಲ್ಲಿ ಬರೆಯತೊಡಗಿದ ಕಾದಂಬರಿಯೇ ‘ಫ್ರಾಂಕೆನ್‌ಸ್ಟೈನ್’.

● ಸುಂಬಾವಾ ದಾಟಿದರೆ ದೈತ್ಯ ಉಡಗಳ ಸೀಮೆ. ಮೂರು ಮೀಟರ್ ಬೆಳೆಯುವ ಕೊಮೊಡೊ ಡ್ರ್ಯಾಗನ್‌ಗೆ ತನ್ನವರು, ಪರರು ಎಂಬ ಭೇದವಿಲ್ಲ. ದೊಡ್ಡವು ತಿಂದಾವೆಂದು ಮರಿಗಳು ಮರವೇರಿ ಬದುಕುತ್ತವೆ. ಗಂಡಿನ ನೆರವಿಲ್ಲದೆಯೂ ಹೆಣ್ಣು ಮರಿ ಮಾಡಬಲ್ಲದೆಂಬುದು 2006ರಲ್ಲಿ ಬ್ರಿಟನ್ನಿನ ಮೃಗಾಲಯಗಳಲ್ಲಿ ಗೊತ್ತಾಯಿತು.

● ಫ್ಲೋರೆಸ್‌ನ ಲಿಯಾಂಗ್ ಬುವಾ ಗುಹೆಯಲ್ಲಿ 2003ರಲ್ಲಿ ಮೂರೂವರೆ ಅಡಿಯ ಮನುಷ್ಯಜಾತಿಯೊಂದರ ಎಲುಬುಗಳು ಸಿಕ್ಕವು. ಮಗುವಲ್ಲ, ಬೆಳೆದ ಹೆಂಗಸು!

● ಅದೇ ದ್ವೀಪದ ಕೆಲಿಮುಟು ಜ್ವಾಲಾಮುಖಿಯ ತಲೆಯ ಮೇಲೆ ಮೂರು ಕೆರೆಗಳು, ಮೂರು ಬಣ್ಣ. ಅಡಿಯಿಂದೇಳುವ ಅನಿಲ ಮತ್ತು ಖನಿಜಗಳ ಆಟಕ್ಕೆ ಒಂದೊಂದೂ ತನ್ನಿಷ್ಟದಂತೆ ನೀಲಿ, ಹಸಿರು, ಕಪ್ಪು, ಕೆಂಪಾಗುತ್ತಿರುತ್ತದೆ. ಹೋದ ವರ್ಷದ ಫೋಟೊ ಹಿಡಿದು “ಈ ಬಣ್ಣ ಎಲ್ಲಿ?” ಎಂದು ಗೈಡ್ ಜೊತೆ ಜಗಳ ತೆಗೆಯುವಂತಿಲ್ಲ.